ಸುಮ್ಮನೆ ಕೂತವರನ್ನು ಎಣಿಸಿದ ಮೇಸ್ತ್ರಿ

ಫೋನಿನಲ್ಲಿ ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ಮಾಸ್ತರ, ಕೊಟ್ಟೂರು ಬಸ್ ಸ್ಟ್ಯಾಂಡ್ ಮುಂದ ನನ್ನ ಫೋಟೋ ಕಟ್ಟ್ಯಾರ. ಕಟ್ಟಲಿ. ಅದರ ಕೆಳಗ ಏನು ಬರಸ್ಯಾರ ಗೊತ್ತೈತೇನು? ‘ಒಂದು ಚುನಾವಣೆಯಲ್ಲೂ ಭವಿಷ್ಯ ತಪ್ಪದ ಮಹಾನುಭಾವರು’ ಅಂತ! ಜೀವಂತ ಇರಾಗನ ನನ್ನ ಸುಳ್ಳುಗಾರ ಮಾಡ್ಯಾರ.”

“ಒಂದು ಮಾತು ಹೇಳಿ ತೆಗೆಸಿಬಿಡ್ರಿ ಚಾಚಾ.”

“ಹೇಳಿದೆ. ‘ನಾ ತಪ್ಪೀನಿ’ ಅಂದೆ. ‘ನೋಡ್ರಿ, ಎಂಥಾ ವಿನಯ’ ಅಂತ ಇನ್ನೊಂದು ಹಾರಕ್ಕ ಆರ್ಡರ್ ಕೊಟ್ರು. ನಾ ಹೇಳಿದ್ರ ವಿನಯ ಆಕೈತಿ, ನೀ ಹೇಳಿದ್ರ ಸಾಕ್ಷಿ ಆಕೈತಿ. ಆ ಸಲ ನನ್ನ ಜೋಡಿ ಇದ್ದಾಂವ ನೀ ಒಬ್ಬನ. ಐತವಾರ ಸನ್ಮಾನಕ್ಕ ಬಂದು ಮೈಕಿನಾಗ ಹೇಳಿ ಹೋಗು.”

ಬರುತ್ತೇನೆ ಎಂದೆ. ಫೋನಿಟ್ಟ ಮೇಲೆ ಕೂರಲಾಗಲಿಲ್ಲ. ಅವರು ತಪ್ಪಿದ್ದು ನಿಜ. ಆದರೆ ಅವರನ್ನು ತಪ್ಪಿಸಿದವನು ನಾನು ಎಂದು ನನ್ನ ನೆನಪು ಹೇಳುತ್ತದೆ. ಆ ನೆನಪನ್ನು ನಾನು ಎಷ್ಟು ನಂಬಬಹುದು? ರಾಜ್ಯಶಾಸ್ತ್ರ ಓದಿದವನು ಮೊದಲು ಕಲಿಯುವುದೇ ನೆನಪಿನ ಮೇಲಿನ ಅಪನಂಬಿಕೆ. ಚುನಾವಣೆ ಮುಗಿದು ಆರು ತಿಂಗಳಿಗೆ, ಸೋತವರಿಗೆ ಮತ ಹಾಕಿದ್ದವರೂ ಗೆದ್ದವರಿಗೇ ಹಾಕಿದ್ದೆವೆಂದು ಆಣೆ ಮಾಡಿ ಹೇಳುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ, ಹಾಗೆಯೇ ನೆನಪಿಟ್ಟುಕೊಂಡಿರುತ್ತಾರೆ. ನಾನೂ ಅಂಥವನೇ ಇರಬಹುದು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. “ಹೆಸರು ಹಾಕಿದ್ರ ಆ ಫ್ಲೆಕ್ಸಿಗೂ ನಿನ್ನ ಬರಹಕ್ಕೂ ಏನು ಫರಕು?” ಎಂದು ಅವರೇ ತಡೆದಿದ್ದಾರೆ. ಊರಿಗೆಲ್ಲ ಅವರು ಮೇಸ್ತ್ರಿ. ಕೊಟ್ಟೂರಿನಲ್ಲಿ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ ಅವರದು. ಈಗ ಕಣ್ಣಿಗೆ ಸಣ್ಣ ತಂತಿ ಕಾಣುತ್ತಿಲ್ಲವೆಂದು ಅಂಗಡಿಯನ್ನು ಮಗಳಿಗೆ ಒಪ್ಪಿಸಿದ್ದಾರೆ. ಆ ನೆಪದಲ್ಲಿ ಬಜಾರಿನವರು ಸನ್ಮಾನ ಇಟ್ಟುಕೊಂಡಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ಒಂದು ಲೋಕಸಭಾ ಚುನಾವಣೆಯ ಬೇಸಿಗೆಯಲ್ಲಿ. ಸಂಶೋಧನಾ ವಿದ್ಯಾರ್ಥಿಯಾಗಿದ್ದೆ. ಮುದ್ರಿಸಿದ ಪ್ರಶ್ನಾವಳಿಯ ಕಟ್ಟು, ಒಂದು ಲ್ಯಾಪ್‌ಟಾಪು, ತಲೆತುಂಬ ಸಿದ್ಧಾಂತ. ಅಂಗಡಿಯ ಬೆಂಚಿನ ಮೇಲೆ ಏಳೆಂಟು ರೈತರು ತಮ್ಮ ಮೋಟರಿಗಾಗಿ ಕಾಯುತ್ತ ಕೂತಿದ್ದರು. ಒಳಗೆ ಬಿಳಿ ಗಡ್ಡದ ಈ ಮನುಷ್ಯ ಕೈಯಿಂದ ತಿರುಗಿಸುವ ಯಂತ್ರಕ್ಕೆ ತಾಮ್ರದ ತಂತಿ ಸುತ್ತುತ್ತ ಬಾಯಲ್ಲಿ ಎಣಿಸುತ್ತಿದ್ದರು. ನಾನು ಹೋದವನೇ ಕೇಳಿದೆ: “ಈ ಸಲ ನೀವು ಯಾರಿಗೆ ಮತ ಹಾಕಬೇಕೆಂದಿದ್ದೀರಿ?”

ಅವರ ಎಣಿಕೆ ತಪ್ಪಿತು. ಸುತ್ತಿದ್ದನ್ನೆಲ್ಲ ಬಿಚ್ಚಿದರು. ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಹೆಣ್ಣು ನೋಡಾಕ ಬಂದೋರ ಮುಂದ ಮನೀ ಜಗಳ ಯಾರಾದ್ರೂ ಹೇಳ್ತಾರೇನು? ನೀ ಹಿಂಗ ಕೇಳಿದ್ರ ನಮ್ಮ ಮಂದಿ ನಿನಗ ಏನು ಬೇಕೋ ಅದನ್ನ ಹೇಳಿ, ಮ್ಯಾಲೆ ಒಂದು ಚಾ ಕುಡಿಸಿ ಕಳಸ್ತಾರ. ಕುಂದ್ರು. ಬಾಯಿ ಮುಚ್ಕೊಂಡು ಕುಂದ್ರು.”

ಕೂತೆ. ಆ ದಿನ ಸಂಜೆಯವರೆಗೂ ಕೂತೆ. ಆಮೇಲೆ ತಿಂಗಳಿಡೀ ಕೂತೆ.

ಲೋಕಸಭಾ ಚುನಾವಣೆ ಬರುವುದೂ ಮೋಟರು ಸುಡುವುದೂ ನಮ್ಮಲ್ಲಿ ಒಂದೇ ಕಾಲಕ್ಕೆ. ಬೋರಿನ ನೀರು ಕೆಳಗಿಳಿದಿರುತ್ತದೆ, ಕರೆಂಟು ಏರಿಳಿಯುತ್ತಿರುತ್ತದೆ, ಮೋಟರು ಹೊಗೆಯಾಡುತ್ತದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ರೈತರೆಲ್ಲ ಸುಟ್ಟ ಮೋಟರನ್ನು ಗಾಡಿಗೆ ಹಾಕಿಕೊಂಡು ಕೊಟ್ಟೂರಿಗೆ ಬರುತ್ತಾರೆ. ಹೊಸ ತಂತಿ ಸುತ್ತಿ, ವಾರ್ನಿಷ್ ಹೊಯ್ದು, ಒಣಗಿಸುವವರೆಗೆ ಕಾಯಲೇಬೇಕು. ಕಾಯುವ ಜನ ಮಾತಾಡದೆ ಇರುತ್ತಾರೆಯೇ? ಐದು ತಾಲ್ಲೂಕಿನ ರಾಜಕೀಯ ತಾನಾಗಿ ಅವರ ಬೆಂಚಿಗೆ ಬಂದು ಕೂರುತ್ತಿತ್ತು. ಇಂಥ ಸಮೀಕ್ಷಾ ಕೇಂದ್ರ ಯಾವ ವಿಶ್ವವಿದ್ಯಾಲಯಕ್ಕೂ ಇಲ್ಲ!

ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಯಾರಿಗೆ ಹಾಕುತ್ತೀಯೆಂದು ಒಬ್ಬನನ್ನೂ ಕೇಳಲಿಲ್ಲ. ಎಣಿಕೆ ಮುಗಿದ ಮೇಲೆ, ತಂತಿ ಕತ್ತರಿಸುತ್ತ, ಹವೆಯ ಬಗ್ಗೆ ವಿಚಾರಿಸುವ ದನಿಯಲ್ಲಿ, “ನಿಮ್ಮೂರಾಗ ಈ ಸಲ ಯಾರು ಸುಮ್ಮನಾಗ್ಯಾರ?” ಎನ್ನುತ್ತಿದ್ದರು.

ಹಿಂದಿನ ಸಲ ಊರ ಚಾವಡಿಯ ಕಟ್ಟೆಯ ಮೇಲೆ ಕೂತು ಗಂಟಲು ಹರಿದುಕೊಂಡವನು ಈ ಸಲ ಸುಮ್ಮನಿದ್ದರೆ ಅವನು ಆಚೆಗೆ ಹೋಗಿದ್ದಾನೆ ಎಂದು ಅವರ ಲೆಕ್ಕ. “ಕೂಗೋನು ಎಲ್ಲಿದಾನ ಅಂತ ಎಲ್ಲರಿಗೂ ಗೊತ್ತು. ಸುಮ್ಮನ ಕುಂತಾಂವ ಚುನಾವಣಿ ಮಾಡ್ತಾನ.” ಪಕ್ಷಗಳ ಹೆಸರು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಒಂದು “ಈ ಕಡೆಯೋರು”, ಇನ್ನೊಂದು “ಆ ಕಡೆಯೋರು”. “ಎರಡೂ ಕಡೆಯೋರ ಮೋಟರ್ ಸುಡ್ತಾವ, ಮಾಸ್ತರ. ನನಗ ಯಾರ ಹೆಸರೂ ಬ್ಯಾಡ.” ನಾನೂ ಅದೇ ಪದ್ಧತಿಯಲ್ಲಿ ಬರೆಯುತ್ತೇನೆ.

ಪ್ರತಿ ಮೋಟರಿಗೂ ಊರು ಬರೆದ ಚೀಟಿಯೊಂದನ್ನು ತಂತಿಯಿಂದ ಕಟ್ಟಿರುತ್ತಾರೆ. ಮೋಟರು ಹೋದ ಮೇಲೂ ಚೀಟಿ ಅವರ ಬಳಿ ಉಳಿಯುತ್ತಿತ್ತು. ಅದರ ಹಿಂದುಗಡೆ ಗೀಟುಗಳು: ಈ ಕಡೆಯ ಎಷ್ಟು ಜನ ಸುಮ್ಮನಾದರು, ಆ ಕಡೆಯ ಎಷ್ಟು ಜನ. ಬೆಂಚಿನ ಮೇಲೆ ಕೂತವರಲ್ಲೇ ಯಾರು ಮಾತು ಬಿಟ್ಟಿದ್ದಾರೆಂಬುದನ್ನೂ ಅದರಲ್ಲೇ ಸೇರಿಸುತ್ತಿದ್ದರು. ನನ್ನ ಪ್ರಶ್ನಾವಳಿಯಲ್ಲಿ ನಲವತ್ತು ಪ್ರಶ್ನೆಗಳಿದ್ದವು. ಒಂದಕ್ಕೂ ಆ ಗೀಟಿನ ತೂಕ ಇರಲಿಲ್ಲ. (ನಲವತ್ತೋ ಮೂವತ್ತೋ, ಈಗ ಖಚಿತವಿಲ್ಲ.)

ಮತದಾನದ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಸಾಲಿನಲ್ಲಿ ಮೊದಲಿಗರಾಗಿ ನಿಂತರು. ವಾಪಸು ಬಂದು ಅಂಗಡಿ ತೆರೆದರೂ ಎಡಗೈಯನ್ನು ವಾರ್ನಿಷಿಗೆ ಹಚ್ಚಲಿಲ್ಲ. “ಬೆರಳಿನ ಮಸಿ ಕಾಣಲಿ. ಇವತ್ತೊಂದು ದಿನ ನಾನೂ ಸರಕಾರ.” ಅವರ ಮಗಳು ಒಳಗಿನಿಂದ, “ಸರಕಾರದೋರು ಕೆಲಸ ಮಾಡಂಗಿಲ್ಲ ಅನ್ನೋದು ಖರೆ ಆತು ನೋಡ್ರಿ” ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಎಣಿಕೆಗೆ ಮುನ್ನ ಅವರು ಎರಡು ಮಾತು ಹೇಳಿದರು. ಟೀವಿಯವರು ದಿಲ್ಲಿಯಲ್ಲಿ ಒಂದೇ ಪಕ್ಷಕ್ಕೆ ದೊಡ್ಡ ಬಹುಮತ ಎಂದು ಕುಣಿಯುತ್ತಿದ್ದಾಗ ಇವರು, “ದಿಲ್ಯಾಗ ಯಾರಿಗೂ ಪೂರ್ತಿ ಸಿಗಂಗಿಲ್ಲ. ಕೈ ಜೋಡಿಸ್ಕೊಂಡ ನಡೀಬೇಕು” ಎಂದರು. ನಮ್ಮ ಕ್ಷೇತ್ರದ ಬಗ್ಗೆ, “ಇಲ್ಲಿ ಈ ಕಡೆಯೋರು ಹೋದ್ರು. ಅವರ ಮಂದಿ ಬಾಳ ಸುಮ್ಮನಾಗ್ಯಾರ” ಎಂದರು. ಈ ಎರಡನ್ನೂ ಅವರು ಸುತ್ತಲಿನ ನಾಲ್ಕೂ ಊರುಗಳ ಪರಿಚಯದವರಿಗೆ ಫೋನು ಮಾಡಿ ಹೇಳಿದ್ದರು.

ಎಣಿಕೆಯ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೋಟರುಗಳ ಮೇಲೆ, ತಂತಿಯ ಸುರುಳಿಗಳ ಮೇಲೆ, ಎಲ್ಲೆಂದರಲ್ಲಿ ಜನ. ಹತ್ತು ಗಂಟೆಗೆ ಟೀವಿಯವರ ಮುಖ ಬಾಡಲು ಶುರುವಾಯಿತು. ಮಧ್ಯಾಹ್ನಕ್ಕೆ ದಿಲ್ಲಿಯ ವಿಷಯ ಸ್ಪಷ್ಟವಾಯಿತು: ಯಾರಿಗೂ ಪೂರ್ತಿ ಇಲ್ಲ! ಜನ ಮೇಸ್ತ್ರಿಯನ್ನು ಎತ್ತಿ ಕುಣಿಸಿದರು. ಯಾರೋ ಪೇಡೆ ತಂದರು. ನನಗೂ ಮೈ ಬಿಸಿಯಾಗಿ, ಪಕ್ಕದವನನ್ನು ತಬ್ಬಿಕೊಂಡಿದ್ದೆ. ಆ ಗದ್ದಲದಲ್ಲಿ ನಮ್ಮ ಕ್ಷೇತ್ರದ ಫಲಿತಾಂಶ ಟೀವಿಯ ಕೆಳಗಿನ ಪಟ್ಟಿಯಲ್ಲಿ ಹರಿದು ಹೋಯಿತು. ಈ ಕಡೆಯವರೇ ಗೆದ್ದಿದ್ದರು.

ಅದನ್ನು ಓದಿದವರು ಇಬ್ಬರೇ, ಅವರು ಮತ್ತು ನಾನು.

“ಇಳಸ್ರೋ, ಇಳಸ್ರೋ ನನ್ನ!” ಎಂದು ಅವರು ಒದ್ದಾಡಿದರು. ಖುಷಿಯಿಂದ ಕೂಗುತ್ತಿದ್ದಾರೆಂದು ತಿಳಿದು ಅವರನ್ನು ಇನ್ನಷ್ಟು ಮೇಲಕ್ಕೆ ಎತ್ತಿದರು. ಇಳಿದ ಮೇಲೆ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದೊಯ್ದರು. ಸಪ್ಪಗಾಗಿರುತ್ತಾರೆ ಎಂದುಕೊಂಡಿದ್ದೆ. ನೋಡಿದರೆ ಕಣ್ಣುಗಳು ಹೊಳೆಯುತ್ತಿವೆ.

“ಲೇ ಮಾಸ್ತರ, ತಪ್ಪಿದ್ವಲ್ಲೋ! ಎಷ್ಟು ಚಂದ ತಪ್ಪೀವಿ ನೋಡು! ಮಂದಿ ನನ್ನ ಜೇಬಿನಾಗ ಇಲ್ಲ ಅಂತಾತು. ನಾ ಹೇಳಿದ್ದ ದಿನಾ ಖರೆ ಆಗ್ಲಿಕ್ಕೆ ಅವರೇನು ನಾ ಸುತ್ತಿದ ಮೋಟರೇನು?”

“ದಿಲ್ಲಿ ಸರಿ ಬಂತಲ್ಲ ಚಾಚಾ.”

“ದಿಲ್ಲಿ ಅಂದಾಜು. ನಮ್ಮೂರು ನನ್ನ ಕೆಲಸ. ನಾಳೆ ಹೋಗಿ ಹೇಳಿ ಬರೋಣ ನಡಿ.”

“ಏನಂತ?”

“ತಪ್ಪಿದೆ ಅಂತ. ಹೇಳಾಕ ಫೋನ್ ಮಾಡಿದ್ದೆ. ತಪ್ಪಿದ್ದು ಹೇಳಾಕ ಹೋಗಬೇಕು.”

ಇದು ಅವರ ಪದ್ಧತಿ ಎಂದು ನನಗೆ ಆಮೇಲೆ ಗೊತ್ತಾಯಿತು. ಸರಿ ಬಂದ ವರ್ಷ ಅಂಗಡಿ ಬಿಟ್ಟು ಕದಲುತ್ತಿರಲಿಲ್ಲ, ತಪ್ಪಿದ ವರ್ಷ ಬಸ್ಸು ಹತ್ತುತ್ತಿದ್ದರು. ಹಿಂದೆ ಎಷ್ಟು ಸಲ ಹತ್ತಿದ್ದರೋ ನಾನು ಕೇಳಿಲ್ಲ.

ಬೆಳಗ್ಗೆ ಮೊದಲ ಬಸ್ಸಿಗೆ ಕೂಡ್ಲಿಗಿಗೆ ಹೋದೆವು. ಚಹಾದಂಗಡಿಯ ಮಧ್ಯೆ ನಿಂತು, ಕನ್ನಡಕ ಹಣೆಗೇರಿಸಿ, “ನಿಮಗ ಈ ಕಡೆಯೋರು ಸೋಲ್ತಾರ ಅಂತ ಹೇಳಿದ್ದೆ. ಗೆದ್ದಾರ. ನಾ ತಪ್ಪಿದೆ” ಎಂದರು. ಅಂಗಡಿಯವನು ಒಂದು ತಟ್ಟೆ ಮಂಡಕ್ಕಿ ಮಿರ್ಚಿ ಮುಂದಿಟ್ಟು, “ಇದನ್ನ ಹೇಳಾಕ ಬಸ್ಸಿಗೆ ಬಂದ್ರೇನ್ರಿ? ಗೆದ್ದೋರ ಇನ್ನೂ ಬಂದಿಲ್ಲ” ಎಂದ.

ಹಗರಿಬೊಮ್ಮನಹಳ್ಳಿಯಲ್ಲಿ ಬಿಸಿಲು ಏರಿತ್ತು. ಅಲ್ಲೊಬ್ಬ ಗೊಬ್ಬರದಂಗಡಿಯವನು ಬಿಡಲೇ ಇಲ್ಲ. “ಮೇಸ್ತ್ರಿ, ನಿಮ್ಮ ಮಾತು ನಂಬಿ ನಾ ನನ್ನ ಬೀಗರ ಮುಂದ ಮೀಸಿ ತಿರುವಿದ್ದೆ. ಈಗ ಅವರ ಮನಿ ಮುಂದ ಹೆಂಗ ಹಾದು ಹೋಗ್ಲಿ?” ಮೇಸ್ತ್ರಿ ಅವನ ಜೊತೆ ಬೀಗರ ಮನೆಯವರೆಗೂ ನಡೆದು, ಬಾಗಿಲಲ್ಲಿ ನಿಂತು, ತಪ್ಪು ತಮ್ಮದೇ ಎಂದು ಹೇಳಿ ಬಂದರು. ನಾನು ನಾಚಿಕೆಯಿಂದ ರಸ್ತೆಯ ಆಚೆ ನಿಂತಿದ್ದೆ. ಅವರು ಹುಡುಗನಂತೆ ಜಿಗಿಯುತ್ತ ವಾಪಸಾದರು.

ಹಡಗಲಿಯಲ್ಲಿ ಮಾತ್ರ ಅವರ ಮುಖ ಸಣ್ಣದಾಯಿತು. ಅಲ್ಲಿ ಯಾರಿಗೂ ಅವರ ಭವಿಷ್ಯ ನೆನಪೇ ಇರಲಿಲ್ಲ. “ನೀವು ಯಾವಾಗ ಹೇಳಿದ್ರಿ?” ಎಂದು ಕೇಳಿದರು. “ಹೇಳಿದ್ದೆ, ಫೋನ್ ಮಾಡಿ ಹೇಳಿದ್ದೆ” ಎಂದು ಇವರು ವಾದಕ್ಕಿಳಿದರು. ತಪ್ಪು ಹೇಳಿದ್ದನ್ನು ಸಾಬೀತು ಮಾಡಲು ಒಬ್ಬ ಮನುಷ್ಯ ಇಷ್ಟು ಬೆವರು ಸುರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಹೆಂಡತಿಗೆ ಎರಡು ಮೊಳ ಮಲ್ಲಿಗೆ ಕಟ್ಟಿಸಿಕೊಂಡು ಬಸ್ಸು ಹತ್ತಿದರು.

ನಮ್ಮ ನಿಜವಾದ ತಪ್ಪು ಎದುರಾದದ್ದು ಹರಪನಹಳ್ಳಿಯ ಹೋಟೆಲಿನಲ್ಲಿ. ಮೇಸ್ತ್ರಿ ಎಂದಿನಂತೆ ನಿಂತು ಹೇಳಿದರು. ಮೂಲೆಯಲ್ಲಿ ಇಡ್ಲಿ ತಿನ್ನುತ್ತಿದ್ದ ತೆಲಿಗಿಯ ಗೌಡರೊಬ್ಬರು ತಲೆಯೆತ್ತಿ, “ಮೇಸ್ತ್ರಿ, ನಿಮ್ಮ ಎಂ.ಪಿ. ಬ್ಯಾರೆ, ನಮ್ಮ ಎಂ.ಪಿ. ಬ್ಯಾರೆ. ನಿಮ್ಮ ಮನೆ ಗೋಳು ನಮ್ಮ ಮುಂದ ಯಾಕ್ ಹೇಳ್ತೀರಿ?” ಎಂದರು.

ನಾವು ಮುಖ ಮುಖ ನೋಡಿಕೊಂಡೆವು. ಹರಪನಹಳ್ಳಿ ಈಗ ನಮ್ಮದೇ ಜಿಲ್ಲೆ. ಆದರೆ ಲೋಕಸಭೆಗೆ ಆ ತಾಲ್ಲೂಕು ದಾವಣಗೆರೆಗೆ ಸೇರುತ್ತದೆ, ಉಳಿದ ನಾವು ಬಳ್ಳಾರಿಗೆ. ಇದು ಇಬ್ಬರಿಗೂ ಗೊತ್ತಿಲ್ಲದ ವಿಷಯವೇ? ಆದರೂ ಆ ತಾಲ್ಲೂಕಿನ ತೆಲಿಗಿ, ಬಾಗಳಿ ಮೊದಲಾದ ಊರುಗಳ ಚೀಟಿಗಳು ನಮ್ಮ ಕ್ಷೇತ್ರದ ಕಟ್ಟಿನಲ್ಲಿ ಸೇರಿಹೋಗಿದ್ದವು. ದಿಲ್ಲಿಯ ಅಂದಾಜಿಗೆ ಅವು ಇರಬೇಕು, ನಮ್ಮ ಎಂ.ಪಿ.ಯ ಲೆಕ್ಕಕ್ಕೆ ಇರಬಾರದು. ಪಕ್ಕದ ಕ್ಷೇತ್ರದ ಮೌನವನ್ನು ನಮ್ಮದೆಂದು ಎಣಿಸಿದ್ದೆವು.

ಸೇರಿಸಿದ್ದು ಯಾರು? ನನಗೆ ನೆನಪಿರುವಂತೆ, ಚೀಟಿಗಳನ್ನು ಲ್ಯಾಪ್‌ಟಾಪಿಗೆ ಏರಿಸಿದವನು ನಾನು, ಜಿಲ್ಲೆಯ ಗಡಿಯನ್ನೇ ಕ್ಷೇತ್ರದ ಗಡಿ ಎಂದು ಹಿಡಿದವನೂ ನಾನು. ಕೊಟ್ಟೂರಿಗೆ ವಾಪಸಾಗುವ ಬಸ್ಸಿನಲ್ಲಿ ಅದನ್ನು ಒಪ್ಪಿಕೊಂಡೆ. ಅವರು, “ಕಟ್ಟು ನಿನ್ನ ಕೈಗೆ ಕೊಟ್ಟಾಂವ ನಾನ. ಕೊಡಾಗ ಬ್ಯಾರೆ ಮಾಡಿ ಕೊಡಬೇಕಿತ್ತು” ಎಂದರು. ಹೀಗೆ ನೆನಪಿದೆ. ಆದರೆ ಕೆಲವೊಮ್ಮೆ ಅನ್ನಿಸುತ್ತದೆ, ಅವರು ಆ ಬಸ್ಸಿನಲ್ಲಿ ಮಲ್ಲಿಗೆಯ ಪೊಟ್ಟಣ ಎದೆಗೊತ್ತಿಕೊಂಡು ನಿದ್ದೆ ಹೋಗಿದ್ದರು, ನಾನು ಮನಸ್ಸಿನಲ್ಲೇ ಹೇಳಿಕೊಂಡು ಮನಸ್ಸಿನಲ್ಲೇ ಕ್ಷಮಿಸಿಕೊಂಡೆ ಎಂದು.

ವರ್ಷ ಕಳೆದಂತೆ ಊರು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟಿತು. ಟೀವಿಯವರನ್ನು ಸೋಲಿಸಿದ ದಿಲ್ಲಿಯ ಮಾತು ಉಳಿಯಿತು. ನಮ್ಮೂರಿನ ತಪ್ಪು ಅಳಿಸಿಹೋಯಿತು. ಕೂಡ್ಲಿಗಿಯ ಆ ಚಹಾದಂಗಡಿಯವನೇ, “ಮೇಸ್ತ್ರಿ ಬಸ್ಸಿಗೆ ಬಂದು ‘ನೋಡ್ರಿ, ನಾ ಹೇಳಿದ್ದಾತು’ ಅಂದಿದ್ರು” ಎಂದು ನನ್ನೆದುರೇ ಹೇಳಿದ.

ಸನ್ಮಾನದ ಭಾನುವಾರ ಹೋದೆ. ಅಂಗಡಿಯ ಮುಂದೆಯೇ ಶಾಮಿಯಾನ. ಮೇಸ್ತ್ರಿ ಹಾರ ಹಾಕಿಸಿಕೊಂಡು ವೇದಿಕೆಯ ಮೇಲೆ ಆರೋಪಿಯಂತೆ ಕೂತಿದ್ದರು. ಸಭೆಯ ಅಧ್ಯಕ್ಷರು, “ಇವರ ನಾಲಿಗೆಯ ಮೇಲೆ ಬಂದದ್ದು ಪೆಟ್ಟಿಗೆಯಲ್ಲಿ ಬರದೇ ಇದ್ದದ್ದೇ ಇಲ್ಲ” ಎಂದಾಗ ಅವರು ಕಣ್ಣು ಮುಚ್ಚಿಕೊಂಡರು. ನನ್ನ ಹೆಸರು ಕರೆದರು.

ಮೈಕು ಹಿಡಿದು ಹೇಳಿದೆ. ದಿಲ್ಲಿ ಸರಿ ಬಂತು, ಕ್ಷೇತ್ರ ತಪ್ಪಿತು, ಇವರು ನಾಲ್ಕು ಊರು ತಿರುಗಿ ತಪ್ಪನ್ನು ಒಪ್ಪಿಕೊಂಡು ಬಂದರು, ನಾನು ಜೊತೆಗಿದ್ದೆ. ಗುಸುಗುಸು ಎದ್ದಿತು. ಮೇಸ್ತ್ರಿ ಕಣ್ಣು ತೆರೆದು ಖುಷಿಯಿಂದ ತಲೆಯಾಡಿಸಿದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಆದರೆ ಹರಪನಹಳ್ಳಿ ಚೀಟಿಗಳನ್ನು ಕೂಡಿಸಿದವನು ನಾನು. ತಪ್ಪು ಅವರದಲ್ಲ” ಎಂದುಬಿಟ್ಟೆ.

ಅವರು ಕುರ್ಚಿಯಿಂದ ಎದ್ದರು. “ಲೇ, ಸಾಕ್ಷಿ ಹೇಳು ಅಂದ್ರ ತಪ್ಪನ್ನ ಕಸ್ಗೊಂತೀಯೇನು? ಅದು ನಂದು!”

“ಕೂಡಿಸಿದ್ದು ನಾನು ಚಾಚಾ.”

“ಕಟ್ಟಿ ಕೊಟ್ಟಿದ್ದು ನಾನು!”

ಜನ ನಗತೊಡಗಿದರು. ಅಧ್ಯಕ್ಷರು ಶಾಲು ಹಿಡಿದುಕೊಂಡು ನಮ್ಮಿಬ್ಬರ ನಡುವೆ ನಿಂತಿದ್ದರು. ಆಗ ಹಿಂದಿನ ಸಾಲಿನಿಂದ, ಹೆಗಲ ಮೇಲೆ ಟವಲು ಹಾಕಿಕೊಂಡ ಮುದುಕರೊಬ್ಬರು ಎದ್ದು ನಿಂತರು. ಕೂಡ್ಲಿಗಿ ಆಚೆಯ ಹೊಸಹಳ್ಳಿಯ ರೈತರು, ಮೇಸ್ತ್ರಿಯ ಹಳೆಯ ಗಿರಾಕಿ.

“ಮೇಸ್ತ್ರಿ, ನೀವಿಬ್ರೂ ಯಾಕ ಬಡದಾಡ್ತೀರಿ? ಅದು ನಮ್ದ್ರಿ.”

“ಏನು ನಿಮ್ದು?”

“ತಪ್ಪು. ನೀವು ಸುಮ್ಮನ ಕುಂತೋರನ್ನ ಬರ್ಕೊಂತೀರಿ ಅಂತ ನಮಗ ಗೊತ್ತಾಗಿತ್ತು. ಆ ಸಲ ನಾವು ಈ ಕಡೆಯೋರು ಐದಾರು ಮಂದಿ ಮಾತಾಡ್ಕೊಂಡು ಬೇಕಂತ ಸುಮ್ಮನ ಕುಂತ್ವಿ.”

ಮೇಸ್ತ್ರಿ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿದರು.

“ಯಾಕ?” ಎಂದರು.

“ನಾವು ಮೋಟರ್ ಕೇಳಿದ್ರ ನೀವು ಎಲೆಕ್ಷನ್ ಕೇಳ್ತಿದ್ರಿ. ಹೊಲದಾಗ ಮೆಣಸಿನಗಿಡ ಬಾಡಾಕತ್ತಿದ್ವು, ಎಂಟು ದಿನ ತಡ ಮಾಡಿದ್ರಿ. ಸಿಟ್ಟು ಬಂತು. ಆಮ್ಯಾಲೆ ಈ ಮಾತು ಬಾಯಿಂದ ಬಾಯಿಗೆ ಹೋತು. ಇನ್ನ ಎಷ್ಟು ಊರೋರು ಹಂಗ ಕುಂತ್ರೋ ನನಗ ಗೊತ್ತಿಲ್ಲ.”

“ಹಂಗಾರ ದಿಲ್ಲಿದು ಹೆಂಗ ಸರಿ ಬಂತು?”

“ಅದು ನಮಗೇನು ಗೊತ್ತ್ರಿ? ದಿಲ್ಲಿಯೋರ ಮೋಟರ್ ನೀವು ತಡ ಮಾಡಿದ್ದಿಲ್ಲೇನೋ.”

ಶಾಮಿಯಾನ ಹಾರಿಹೋಗುವಂತೆ ನಕ್ಕರು. ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಮೈಕು ಹಿಡಿದು ನಿಂತೇ ಇದ್ದೆ. ಇಷ್ಟು ವರ್ಷ ನನ್ನದೆಂದು ಹೊತ್ತುಕೊಂಡಿದ್ದ ತಪ್ಪು ನನ್ನದೂ ಅಲ್ಲ, ಅವರದೂ ಅಲ್ಲ ಎಂದಾದರೆ ನನ್ನ ನೆನಪಿನಲ್ಲಿ ಇನ್ನೇನು ಉಳಿಯಿತೆಂದು ತಿಳಿಯಲಿಲ್ಲ. ಈ ಮುದುಕರ ನೆನಪನ್ನಾದರೂ ನಂಬಬಹುದೇ? ಹರಪನಹಳ್ಳಿಯ ಚೀಟಿಗಳು ಕೂಡಿದ್ದೂ ನಿಜವಲ್ಲವೇ? ಕೇಳಬೇಕೆನ್ನುವಷ್ಟರಲ್ಲಿ ಮೇಸ್ತ್ರಿ ವೇದಿಕೆ ಇಳಿದಾಗಿತ್ತು. ಎಣಿಕೆಯ ದಿನ ಅಂಗಡಿಯ ಹಿಂದೆ ಕಂಡಿದ್ದ ಅದೇ ಹೊಳಪು ಕಣ್ಣಿನಲ್ಲಿ. ಕೊರಳ ಹಾರವನ್ನು ತೆಗೆದು ಮುದುಕರ ಕೊರಳಿಗೆ ಹಾಕಿದರು. ಕುರ್ಚಿಯೊಂದನ್ನು ದರದರ ಎಳೆದುಕೊಂಡು ಅವರೆದುರು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತರು.

“ಮೊದ್ಲಿಂದ ಹೇಳು. ಈ ಉಪಾಯ ಮೊದಲು ಯಾರಿಗೆ ಹೊಳೀತು?”

ಅಧ್ಯಕ್ಷರು ಎರಡು ಸಲ ಕರೆದರು. ಶಾಲು ಹೊದಿಸುವುದು ಬಾಕಿ ಇತ್ತು. ಮಗಳು ಬಂದು ಅಪ್ಪನ ಭುಜ ಮುಟ್ಟಿ, “ಅಬ್ಬಾ, ಎಲ್ಲಾರೂ ಕಾಯಾಕತ್ತಾರ, ಊಟ ಆರತೈತಿ” ಎಂದಳು.

ಅವರು ತಿರುಗಿ ನೋಡದೆ ಕೈಯಾಡಿಸಿದರು.

“ನೀವು ಉಣ್ಣಾಕ ಹೋಗ್ರಿ. ಮತದಾರ ಸಿಕ್ಕಾನ. ಈಗ ಬಿಟ್ರ ಇನ್ನ ಐದು ವರ್ಷ ಕೈಗೆ ಸಿಗಂಗಿಲ್ಲ.”